ಸೆಕ್ಯುರಿಟಿ ಪ್ಲಸ್ ಓದುವವರಿಗೆ: ಹ್ಯಾಶ್, ಕೀಲಿ ಮತ್ತು ಅಪಾಯದ ಲೆಕ್ಕ

ಕಾಂಪ್‌ಟಿಯಾ ಸಂಸ್ಥೆ ನಡೆಸುವ ಸೈಬರ್ ಭದ್ರತೆಯ ಸೆಕ್ಯುರಿಟಿ ಪ್ಲಸ್ ಪರೀಕ್ಷೆಗೆ ಓದುತ್ತಿರುವವರಿಗಾಗಿ ಈ ಟಿಪ್ಪಣಿ. 2023ರ ನವೆಂಬರ್‌ನಲ್ಲಿ ಬಂದ ಎಸ್‌ವೈ0-701 ಆವೃತ್ತಿಯನ್ನು ಇಟ್ಟುಕೊಂಡು ಬರೆದಿದ್ದೇನೆ. 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ, 100ರಿಂದ 900ರವರೆಗಿನ ಅಳತೆಯಲ್ಲಿ 750 ಬಂದರೆ ಪಾಸ್. ಐದು ವಿಭಾಗಗಳಲ್ಲಿ ಸೆಕ್ಯುರಿಟಿ ಆಪರೇಷನ್ಸ್ ದೊಡ್ಡದು, ಶೇ 28. ಮೂಲ ಪರಿಕಲ್ಪನೆಗಳದ್ದು ಎಲ್ಲಕ್ಕಿಂತ ಚಿಕ್ಕದು, ಶೇ 12. ಅಂಕ ಕಡಿಮೆ ಎಂದು ಈ ಚಿಕ್ಕ ವಿಭಾಗವನ್ನು ಓಡಿಸಿಬಿಡಬೇಡಿ. ಉಳಿದ ನಾಲ್ಕೂ ನಿಂತಿರುವುದು ಅದರ ಮೇಲೆ.

ಈ ಪರೀಕ್ಷೆಯಲ್ಲಿ ತಪ್ಪು ಆಯ್ಕೆಗಳೆಂದರೆ ಬಾಯಿಗೆ ಬಂದ ಸುಳ್ಳುಗಳಲ್ಲ. ನಾಲ್ಕಕ್ಕೆ ನಾಲ್ಕೂ ನಿಜವಾದ ತಂತ್ರಗಳೇ; ಮೂರು ಬೇರೆ ಕೆಲಸಕ್ಕೆ ಬರುವಂಥವು, ಅಷ್ಟೇ. ಹೆಸರು ಬಾಯಿಪಾಠ ಮಾಡಿದವರಿಗೆ ನಾಲ್ಕೂ ಸರಿ ಎನಿಸುತ್ತದೆ. ಅದಕ್ಕೇ ಪ್ರತಿ ತಂತ್ರದ ಎದುರಿಗೆ ಎರಡು ಸಾಲು ಬರೆದುಕೊಳ್ಳಿ: ಇದು ಏನು ಮಾಡುತ್ತದೆ, ಏನು ಮಾಡುವುದಿಲ್ಲ. ಎರಡನೆಯ ಸಾಲೇ ಪರೀಕ್ಷೆಯಲ್ಲಿ ಹೆಚ್ಚು ಕೈಹಿಡಿಯುತ್ತದೆ.

ಹ್ಯಾಶ್ ಏನು ಮಾಡುವುದಿಲ್ಲ

ಗೌಪ್ಯತೆ, ಸಮಗ್ರತೆ (ಡೇಟಾ ಬದಲಾಗದೆ ಉಳಿಯುವುದು), ಲಭ್ಯತೆ ಎಂಬ ಮೂರು ಗುರಿಗಳು ಎಲ್ಲರಿಗೂ ಗೊತ್ತು. ಗೂಢಲಿಪೀಕರಣದ ಪಾಠಕ್ಕೆ ಬಂದಾಗ ಮಾತ್ರ ಯಾವ ತಂತ್ರ ಯಾವ ಗುರಿಗೆ ಎಂಬುದು ಕಲಸಿಹೋಗುತ್ತದೆ. ಹ್ಯಾಶ್, ಅಂದರೆ ಡೇಟಾದಿಂದ ಲೆಕ್ಕ ಹಾಕಿ ತೆಗೆಯುವ ನಿಗದಿತ ಉದ್ದದ ಗುರುತು, ಸಮಗ್ರತೆಗೆ ಮಾತ್ರ. ಅದು ಏನನ್ನೂ ಮುಚ್ಚಿಡುವುದಿಲ್ಲ, ಅದಕ್ಕೆ ಕೀಲಿ ಇಲ್ಲ, ಬಂದ ಫಲಿತಾಂಶದಿಂದ ಮೂಲಕ್ಕೆ ಮರಳುವ ದಾರಿಯೂ ಇಲ್ಲ. ಒಂದು ಅಕ್ಷರವಿರಲಿ, ಇಡೀ ಸಿನಿಮಾದ ಫೈಲ್ ಇರಲಿ, ಎಸ್‌ಎಚ್‌ಎ-256 ಎಂಬ ಹ್ಯಾಶ್ ವಿಧಾನ ಕೊಡುವುದು 256 ಬಿಟ್. ಪರದೆಯ ಮೇಲೆ 64 ಹೆಕ್ಸ್ ಚಿಹ್ನೆ.

ಇದನ್ನು ಕೈಯಾರೆ ಮಾಡಿ ನೋಡಬೇಕು. ಲಿನಕ್ಸ್ ಟರ್ಮಿನಲ್‌ನಲ್ಲಿ ಒಂದು ಪದವನ್ನು ಎಕೋ ಆಜ್ಞೆಯಿಂದ ಹ್ಯಾಶ್ ಲೆಕ್ಕ ಹಾಕುವ sha256sum ಆಜ್ಞೆಗೆ ಕಳಿಸಿ, ಆಮೇಲೆ ಅದೇ ಪದವನ್ನು ಪ್ರಿಂಟ್‌ಎಫ್‌ನಿಂದ ಕಳಿಸಿ. ಎರಡು ಬೇರೆ ಬೇರೆ ಉತ್ತರ ಬರುತ್ತದೆ. ಎಕೋ ಕೊನೆಗೆ ಹೊಸ ಸಾಲಿನ ಒಂದು ಬೈಟ್ ಸೇರಿಸುತ್ತದೆ. ಆ ಒಂದು ಬೈಟ್‌ಗೆ ಇಡೀ ಫಲಿತಾಂಶ ಬದಲಾಗುತ್ತದೆ.

ಕನ್ನಡದಲ್ಲಿ ಇನ್ನೂ ಸೊಗಸಾದ ಪ್ರಯೋಗ ಸಾಧ್ಯ. ‘ಕೊಡ’ ಎಂಬ ಪದ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ಒ-ಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎ-ಕಾರ ಮತ್ತು ಊ-ಕಾರದ ಚಿಹ್ನೆಗಳನ್ನು ಒಂದರ ಹಿಂದೆ ಒಂದಿಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ ‘ಕೊಡ’. ಆದರೆ ಯುಟಿಎಫ್-8ರಲ್ಲಿ ಮೊದಲನೆಯದು 9 ಬೈಟ್, ಎರಡನೆಯದು 12 ಬೈಟ್. ಹ್ಯಾಶ್‌ಗಳಿಗೆ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಹ್ಯಾಶ್ ನೋಡುವುದು ಬೈಟ್‌ಗಳನ್ನು, ಅರ್ಥವನ್ನೂ ಅಲ್ಲ, ರೂಪವನ್ನೂ ಅಲ್ಲ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ಇಂಗ್ಲಿಷ್ ಪುಸ್ತಕಗಳಲ್ಲಿ ನನಗೆ ಸಿಗಲಿಲ್ಲ.

ಇನ್ನು ಪಾಸ್‌ವರ್ಡ್. ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೆ ಹ್ಯಾಶ್ ಕೂಡ ಒಂದೇ. ಹಾಗಾಗಿ ಸಾಮಾನ್ಯ ಪಾಸ್‌ವರ್ಡ್‌ಗಳ ಹ್ಯಾಶ್‌ಗಳನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಂಡವನಿಗೆ ಕದ್ದ ಪಟ್ಟಿಯನ್ನು ತಾಳೆ ನೋಡುವುದಷ್ಟೇ ಕೆಲಸ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿದ ಸುಮಾರು 65 ಲಕ್ಷ ಹ್ಯಾಶ್‌ಗಳು ಸಾಲ್ಟ್ ಇಲ್ಲದ ಎಸ್‌ಎಚ್‌ಎ-1 ಆಗಿದ್ದವು. ಸಾಲ್ಟ್ ಎಂದರೆ ಪ್ರತಿ ಬಳಕೆದಾರರಿಗೂ ಬೇರೆಬೇರೆಯಾಗಿ ಸೇರಿಸುವ ಯಾದೃಚ್ಛಿಕ ತುಣುಕು. ಅದು ಮೊದಲೇ ಮಾಡಿಟ್ಟ ಪಟ್ಟಿಯನ್ನು ನಿರುಪಯೋಗಿ ಮಾಡುತ್ತದೆ. ಒಬ್ಬನನ್ನೇ ಗುರಿಯಿಟ್ಟು ಒಂದೊಂದೇ ಊಹೆ ಹಾಕುವವನನ್ನು ತಡೆಯುವುದಿಲ್ಲ. ಅಂಥವನನ್ನು ನಿಧಾನ ಮಾಡಲು ಬಿಕ್ರಿಪ್ಟ್, ಪಿಬಿಕೆಡಿಎಫ್2, ಆರ್ಗಾನ್2 ಬೇಕು. ಇವು ಬೇಕೆಂದೇ ನಿಧಾನವಾಗಿ ಲೆಕ್ಕ ಹಾಕುತ್ತವೆ. ಪ್ರಶ್ನೆಯಲ್ಲಿ ‘ರೇನ್‌ಬೋ ಟೇಬಲ್’, ಅಂದರೆ ಆ ಮೊದಲೇ ಮಾಡಿಟ್ಟ ಪಟ್ಟಿ, ಕಂಡರೆ ಸಾಲ್ಟ್. ‘ಬ್ರೂಟ್ ಫೋರ್ಸ್ (ಒಂದೊಂದೇ ಊಹೆ ಹಾಕುವುದು) ನಿಧಾನವಾಗಬೇಕು’ ಎಂದಿದ್ದರೆ ಕೀ ಸ್ಟ್ರೆಚಿಂಗ್, ಅಂದರೆ ಈ ನಿಧಾನದ ಲೆಕ್ಕ.

ಯಾರ ಕೀಲಿ?

ಅಸಮ್ಮಿತ ವಿಧಾನದಲ್ಲಿ ಪ್ರತಿಯೊಬ್ಬರ ಬಳಿ ಜೋಡಿ ಕೀಲಿ: ಸಾರ್ವಜನಿಕ, ಖಾಸಗಿ. ಗೀತಾ ಅವರು ರಫೀಕ್ ಅವರಿಗೆ ಪತ್ರ ಕಳಿಸಬೇಕು, ರಫೀಕ್ ಒಬ್ಬರೇ ಓದಬೇಕು. ಆಗ ಗೀತಾ ಬಳಸುವುದು ರಫೀಕ್ ಅವರ ಸಾರ್ವಜನಿಕ ಕೀಲಿಯನ್ನು; ಅದನ್ನು ಬಿಡಿಸಲಾಗುವುದು ರಫೀಕ್ ಅವರ ಖಾಸಗಿ ಕೀಲಿಯಿಂದ ಮಾತ್ರ. ಪತ್ರ ಗೀತಾ ಅವರದ್ದೇ ಎಂದು ರಫೀಕ್‌ಗೆ ಖಾತ್ರಿಯಾಗಬೇಕಿದ್ದರೆ ಗೀತಾ ತಮ್ಮ ಖಾಸಗಿ ಕೀಲಿಯಿಂದ ಸಹಿ ಮಾಡುತ್ತಾರೆ, ರಫೀಕ್ ಗೀತಾರ ಸಾರ್ವಜನಿಕ ಕೀಲಿಯಿಂದ ಪರಿಶೀಲಿಸುತ್ತಾರೆ. ಗೀತಾರ ಸಾರ್ವಜನಿಕ ಕೀಲಿ ನಿಜಕ್ಕೂ ಗೀತಾರದ್ದೇ ಎಂದು ಹೇಳುವವರು ಯಾರು? ಅಲ್ಲಿಗೆ ಪ್ರಮಾಣಪತ್ರ ಮತ್ತು ಪ್ರಮಾಣೀಕರಣ ಪ್ರಾಧಿಕಾರದ ಪಾಠ ಶುರುವಾಗುತ್ತದೆ.

ಇಲ್ಲಿ ಎಚ್‌ಮ್ಯಾಕ್, ಅಂದರೆ ಇಬ್ಬರೂ ಹಂಚಿಕೊಂಡ ರಹಸ್ಯ ಕೀಲಿ ಸೇರಿಸಿ ಮಾಡುವ ಹ್ಯಾಶ್, ಒಂದು ನವಿರಾದ ವ್ಯತ್ಯಾಸ ತರುತ್ತದೆ. ಅದು ಸಂದೇಶ ಬದಲಾಗಿಲ್ಲ, ಕೀಲಿ ಇದ್ದವರಿಂದಲೇ ಬಂದಿದೆ ಎಂದು ತೋರಿಸುತ್ತದೆ. ಆದರೆ ಕೀಲಿ ಇಬ್ಬರ ಹತ್ತಿರವೂ ಇದೆ. ನಾಳೆ ಗೀತಾ ‘ನಾನು ಕಳಿಸಿಯೇ ಇಲ್ಲ, ರಫೀಕ್ ಅವರೇ ಬರೆದುಕೊಂಡರು’ ಎಂದರೆ ಆ ಮಾತು ಸುಳ್ಳೆಂದು ಮೂರನೆಯವರ ಮುಂದೆ ತೋರಿಸಲಾಗದು. ಡಿಜಿಟಲ್ ಸಹಿಯಲ್ಲಿ ಖಾಸಗಿ ಕೀಲಿ ಒಬ್ಬರ ಬಳಿ ಮಾತ್ರ ಇರುವುದರಿಂದ ಆ ನೆಪ ನಡೆಯುವುದಿಲ್ಲ. ನಾನ್-ರಿಪ್ಯುಡಿಯೇಷನ್ (ಕಳಿಸಿದವರು ಆಮೇಲೆ ನಿರಾಕರಿಸಲಾಗದಿರುವುದು) ಕೇಳಿದಾಗ ಉತ್ತರ ಸಹಿಯೇ ಏಕೆ ಎಂಬುದಕ್ಕೆ ಕಾರಣ ಇದು.

ಪ್ಯಾಚ್ ಇದ್ದರೂ ಬಿದ್ದ ಯಂತ್ರಗಳು

ಬೆದರಿಕೆ, ದೌರ್ಬಲ್ಯ, ಅಪಾಯ: ಈ ಮೂರನ್ನು ಬಿಡಿಸಿ ನೋಡಲು 2017ರ ವಾನಾಕ್ರೈ ದಾಳಿ ಒಳ್ಳೆಯ ಪಾಠ. ವಿಂಡೋಸ್‌ನಲ್ಲಿ ಫೈಲ್ ಹಂಚಿಕೊಳ್ಳುವ ಎಸ್‌ಎಂಬಿ ಸೇವೆಯಲ್ಲಿದ್ದ ದೋಷ ದೌರ್ಬಲ್ಯ. ಅದನ್ನು ಬಳಸಿಕೊಂಡು ಹರಡಿದ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ಬೆದರಿಕೆ. ಎರಡೂ ಸೇರಿದಾಗ ನಿಮ್ಮ ಸಂಸ್ಥೆಗೆ ಎಷ್ಟು ಹಾನಿಯಾಗಬಹುದು, ಅದರ ಸಾಧ್ಯತೆ ಎಷ್ಟು ಎಂಬುದು ಅಪಾಯ. ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟದ್ದು 2017ರ ಮಾರ್ಚ್ 14ರಂದು. ದಾಳಿ ನಡೆದದ್ದು ಮೇ 12ರಂದು. ನಡುವೆ ಸುಮಾರು ಎರಡು ತಿಂಗಳಿದ್ದರೂ ಬ್ರಿಟನ್ನಿನ ಆಸ್ಪತ್ರೆಗಳ ಕೆಲಸ ಅಸ್ತವ್ಯಸ್ತವಾಯಿತು.

ಪ್ಯಾಚ್ ಹಾಕುವುದಕ್ಕೇ ಆಗದ ಯಂತ್ರವಿದ್ದರೆ? ಹಳೆಯ ಸ್ಕ್ಯಾನರ್‌ಗೆ ಜೋಡಿಸಿದ ಕಂಪ್ಯೂಟರ್ ಅಂಥದ್ದು ಎಂದುಕೊಳ್ಳಿ. ಪರೀಕ್ಷೆ ಕೇಳುವುದು ಇಂಥದ್ದನ್ನೇ. ಅದನ್ನು ಬೇರೆ ನೆಟ್‌ವರ್ಕ್ ವಿಭಾಗಕ್ಕೆ ಹಾಕಿ, ಎಸ್‌ಎಂಬಿ ಬಳಸುವ 445 ಪೋರ್ಟ್ ಮುಚ್ಚುವುದು ಪರಿಹಾರ. ಇದಕ್ಕೆ ಕಾಂಪೆನ್ಸೇಟಿಂಗ್ ನಿಯಂತ್ರಣ ಎನ್ನುತ್ತಾರೆ. ದೌರ್ಬಲ್ಯ ಹೋಗಲಿಲ್ಲ, ಅಲ್ಲಿಗೆ ತಲುಪುವ ದಾರಿ ಕಿರಿದಾಯಿತು.

ರೂಪಾಯಿಯಲ್ಲಿ ಅಪಾಯ

ಸೂತ್ರ ಎರಡೇ. ಆಸ್ತಿಯ ಬೆಲೆಯನ್ನು ಹಾನಿಯ ಪ್ರಮಾಣದಿಂದ ಗುಣಿಸಿದರೆ ಒಂದು ಸಲದ ನಷ್ಟ, ಅಂದರೆ ಎಸ್‌ಎಲ್‌ಇ. ಅದನ್ನು ವರ್ಷಕ್ಕೆ ಎಷ್ಟು ಸಲ ಎಂಬುದರಿಂದ ಗುಣಿಸಿದರೆ ವಾರ್ಷಿಕ ನಷ್ಟ, ಎಎಲ್‌ಇ. ಸರ್ವರ್ ಬೆಲೆ ₹8 ಲಕ್ಷ, ಒಂದು ಘಟನೆಯಲ್ಲಿ ಹಾನಿ ಶೇ 25 ಎಂದರೆ ಎಸ್‌ಎಲ್‌ಇ ₹2 ಲಕ್ಷ. ನಾಲ್ಕು ವರ್ಷಕ್ಕೊಮ್ಮೆ ಆಗುತ್ತದೆ ಎಂದರೆ ದರ 0.25, ಎಎಲ್‌ಇ ₹50,000.

ವರ್ಷಕ್ಕೆ ₹30,000 ಖರ್ಚಿನ ಒಂದು ನಿಯಂತ್ರಣ ಈ ದರವನ್ನು 0.05ಕ್ಕೆ ಇಳಿಸುತ್ತದೆ ಎಂದಿಟ್ಟುಕೊಳ್ಳಿ. ಹೊಸ ಎಎಲ್‌ಇ ₹10,000. ಉಳಿತಾಯ ₹40,000, ಖರ್ಚು ₹30,000, ತೆಗೆದುಕೊಳ್ಳಬಹುದು. ಅದೇ ನಿಯಂತ್ರಣಕ್ಕೆ ₹45,000 ಕೇಳಿದರೆ ಬೇಡ. ₹45,000 ಎಂಬುದು ₹50,000ಕ್ಕಿಂತ ಕಡಿಮೆ ತಾನೇ ಎಂದು ಒಪ್ಪಿಕೊಳ್ಳುವಂತೆ ಪ್ರಶ್ನೆ ಹೆಣೆದಿರಬಹುದು. ಹೋಲಿಸಬೇಕಾದ್ದು ಪೂರ್ತಿ ನಷ್ಟದ ಜೊತೆಗಲ್ಲ, ಎಷ್ಟು ತಗ್ಗಿತು ಎಂಬುದರ ಜೊತೆಗೆ.

ಆರ್‌ಪಿಓ, ಆರ್‌ಟಿಓ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಷ್ಟು ಹೊತ್ತಿನ ಡೇಟಾ ಕಳೆದುಕೊಳ್ಳಲು ಸಿದ್ಧ ಎಂಬುದು ಮೊದಲನೆಯದು, ಎಷ್ಟು ಹೊತ್ತಿನಲ್ಲಿ ಮತ್ತೆ ಶುರುವಾಗಬೇಕು ಎಂಬುದು ಎರಡನೆಯದು.

ಘಟನೆ ನಡೆದಾಗ

ಸಿದ್ಧತೆ, ಪತ್ತೆ, ವಿಶ್ಲೇಷಣೆ, ಹರಡದಂತೆ ತಡೆ, ನಿರ್ಮೂಲನೆ, ಮರುಸ್ಥಾಪನೆ, ಕಲಿತ ಪಾಠ: ಕ್ರಮ ಇದೇ. ‘ಮೊದಲು ಏನು ಮಾಡುತ್ತೀರಿ’ ಎಂದಾಗ ಕಥೆಯಲ್ಲಿ ಯಾವ ಹಂತ ಮುಗಿದಿದೆ ಎಂದು ಹುಡುಕಿ. ಸೋಂಕು ಖಚಿತವಾಗಿದೆ ಎಂದಿದ್ದರೆ ವಿಶ್ಲೇಷಣೆ ಮುಗಿದಿದೆ, ಮುಂದಿನದು ಯಂತ್ರವನ್ನು ನೆಟ್‌ವರ್ಕ್‌ನಿಂದ ಬೇರ್ಪಡಿಸುವುದು. ಗಾಬರಿಯಲ್ಲಿ ಕಂಪ್ಯೂಟರ್ ಆಫ್ ಮಾಡುವ ಆಯ್ಕೆ ಒಪ್ಪಬೇಡಿ. ರ‍್ಯಾಮ್‌ನಲ್ಲಿದ್ದ ಸಾಕ್ಷ್ಯ ಅಳಿಸಿಹೋಗುತ್ತದೆ.

ಭಾರತದಲ್ಲಿ ಕೆಲಸ ಮಾಡುವವರು ಇದರ ಪಕ್ಕದಲ್ಲೇ ಇನ್ನೊಂದನ್ನು ಬರೆದಿಟ್ಟುಕೊಳ್ಳಿ. ಪರೀಕ್ಷೆಗೆ ಇದು ಬೇಡ, ಕೆಲಸಕ್ಕೆ ಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದ ಪ್ರಕಾರ ಪಟ್ಟಿ ಮಾಡಿದ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಗಡಿಯಾರಗಳನ್ನು ಎನ್‌ಟಿಪಿ (ನೆಟ್‌ವರ್ಕ್‌ನಿಂದ ಸಮಯ ಪಡೆಯುವ ವಿಧಾನ) ಮೂಲಕ ಸರಿಹೊಂದಿಸಬೇಕೆಂಬ ಷರತ್ತೂ ಇದೆ. ಗಡಿಯಾರ ಸರಿಯಿದ್ದರಷ್ಟೇ ಸಾಲದು, ಲಾಗ್ ಓದಲು ಕೂತಾಗ ಸಮಯ ವಲಯವನ್ನೂ ನೋಡಬೇಕು. ಫೈರ್‌ವಾಲ್ ಯುಟಿಸಿಯಲ್ಲಿ 3ನೇ ತಾರೀಕು 19:10 ಎಂದು ಬರೆದಿದೆ, ಸರ್ವರ್ ಭಾರತೀಯ ಸಮಯದಲ್ಲಿ 4ನೇ ತಾರೀಕು 00:40 ಎಂದಿದೆ. ಎರಡೂ ಒಂದೇ ಕ್ಷಣ. ಐದೂವರೆ ಗಂಟೆ ಕೂಡಿಸದವರಿಗೆ ಅವು ಎರಡು ದಿನದ ಎರಡು ಘಟನೆಗಳಾಗಿ ಕಾಣುತ್ತವೆ.

ಮಾಡಿ ತೋರಿಸುವ ಪ್ರಶ್ನೆಗಳು

ಪರ್ಫಾರ್ಮೆನ್ಸ್ ಬೇಸ್ಡ್ ಪ್ರಶ್ನೆಗಳು ಸಾಮಾನ್ಯವಾಗಿ ಆರಂಭದಲ್ಲೇ ಎದುರಾಗುತ್ತವೆ. ಬಿಡಿಸಲಾಗದಿದ್ದರೆ ಗುರುತು ಹಾಕಿ ಮುಂದೆ ಹೋಗಿ, ಬಹುಆಯ್ಕೆ ಮುಗಿಸಿ ಬನ್ನಿ. ಫೈರ್‌ವಾಲ್ ನಿಯಮಗಳನ್ನು ಜೋಡಿಸುವ ಪ್ರಶ್ನೆಗೆ ಚೆನ್ನಾಗಿ ಅಭ್ಯಾಸ ಮಾಡಿ. ನಿಯಮಗಳನ್ನು ಮೇಲಿನಿಂದ ಕೆಳಗೆ ಓದಲಾಗುತ್ತದೆ, ಮೊದಲು ಹೊಂದಿದ ನಿಯಮವೇ ಅಂತಿಮ. ‘ಒಳಗಿನವರಿಗೆ ಎಲ್ಲವೂ ಮುಕ್ತ’ ಎಂದು ಮೊದಲ ಸಾಲಿನಲ್ಲಿ ಬರೆದು, ಎರಡನೆಯದರಲ್ಲಿ ‘ಒಳಗಿನಿಂದ ಟೆಲ್ನೆಟ್‌ನ 23 ಪೋರ್ಟ್ ನಿಷೇಧ’ ಎಂದರೆ ಆ ನಿಷೇಧದವರೆಗೆ ಯಾವ ಪ್ಯಾಕೆಟ್ಟೂ ಬರುವುದಿಲ್ಲ. ನಿಷೇಧ ಮೇಲೆ ಹೋಗಬೇಕು. ಯಾವುದಕ್ಕೂ ಹೊಂದದೆ ಕೆಳಗೆ ಬಿದ್ದದ್ದನ್ನು ನೀವು ಬರೆಯದಿದ್ದರೂ ತಡೆಯಲಾಗುತ್ತದೆ. ಇದು ಇಂಪ್ಲಿಸಿಟ್ ಡಿನೈ. ವರ್ಚುವಲ್‌ಬಾಕ್ಸ್‌ನಲ್ಲಿ ಎರಡು ಲಿನಕ್ಸ್ ಯಂತ್ರ ಎಬ್ಬಿಸಿ, ಒಂದರಲ್ಲಿ ನಿಯಮ ಬರೆದು, ಇನ್ನೊಂದರಿಂದ ತೆರೆದ ಪೋರ್ಟ್‌ಗಳನ್ನು ಹುಡುಕುವ ಎನ್‌ಮ್ಯಾಪ್ ಓಡಿಸಿ. ಸಾಲುಗಳನ್ನು ಅದಲುಬದಲು ಮಾಡಿ ಮತ್ತೆ ಓಡಿಸಿ ನೋಡಿ. ಸ್ಕ್ಯಾನ್ ಮಾಡುವುದು ನಿಮ್ಮದೇ ಯಂತ್ರಗಳನ್ನು ಮಾತ್ರ. ಅನುಮತಿಯಿಲ್ಲದೆ ಇತರರ ವ್ಯವಸ್ಥೆಯೊಳಗೆ ಕೈಹಾಕುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಸೆಕ್ಷನ್‌ಗಳ ವ್ಯಾಪ್ತಿಗೆ ಬರುತ್ತದೆ.