ಕಾಡಿನ ಯೋಜನೆ: ತಿದ್ದುವ ಪೆನ್ನು ಯಾರ ಕೈಯಲ್ಲಿ?

ಅರಣ್ಯ ಯೋಜನೆಯಲ್ಲಿ ಜನರ ಪಾಲು ಅನ್ನುವ ಪಾಠಕ್ಕೇ ನನಗೆ ಎರಡು ದಿನ ಹಿಡಿಯಿತು. ಗ್ರಾಮ ಅರಣ್ಯ ಸಮಿತಿ, ಅರಣ್ಯ ಹಕ್ಕು ಸಮಿತಿ, ಗ್ರಾಮ ಸಭೆ: ಮೂರೂ ಒಂದೇ ಥರ ಕೇಳಿಸುತ್ತವೆ, ಅಲ್ವಾ? ಇವನ್ನು ಬಿಡಿಸಿಕೊಂಡರೆ ಉಳಿದದ್ದು ಸಲೀಸು.

ಮೊದಲು ಇಸವಿಗಳು. ಕಾಡು ನೋಡಿಕೊಳ್ಳಲು ಊರಿನವರನ್ನೂ ಸೇರಿಸಿಕೊಳ್ಳಬೇಕು ಅಂತ ಬಂದವು ಇವು: 1988ರ ರಾಷ್ಟ್ರೀಯ ಅರಣ್ಯ ನೀತಿ, 1990ರ ಜೂನ್ 1ರ ಕೇಂದ್ರದ ಸುತ್ತೋಲೆ, 1993ರ ಕರ್ನಾಟಕದ ಆದೇಶ. ಬೇರೆ ಕಡೆ ‘ಜಂಟಿ ಅರಣ್ಯ ನಿರ್ವಹಣೆ’ ಅಂದರೆ ನಮ್ಮಲ್ಲಿ ‘ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆ’ ಅಂದರು. ಊರಿನ ಗ್ರಾಮ ಅರಣ್ಯ ಸಮಿತಿ ಅರಣ್ಯ ಇಲಾಖೆಯವರ ಜೊತೆ ಕೂತು ಮೈಕ್ರೋಪ್ಲಾನ್, ಅಂದರೆ ಆ ಊರಿನ ಕಾಡಿನ ಕಿರು ಯೋಜನೆ ಮಾಡಬೇಕು. ಯಾವ ಗಿಡ ನೆಡಬೇಕು, ದನ ಎಲ್ಲಿ ಮೇಯಬೇಕು, ಸೌದೆ ಹೇಗೆ ಹಂಚಬೇಕು, ಎಲ್ಲ ಅದರಲ್ಲಿ ಬರುತ್ತದೆ.

ಇದನ್ನು ನಾನು ಒಂದು ಊರಲ್ಲಿ ಕಣ್ಣಾರೆ ನೋಡಿದ್ದೇನೆ. ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆದರು. ಗಂಡಸರು ರಸ್ತೆ, ಕೆರೆ, ದೇವಸ್ಥಾನ ಹಾಕಿ ಕೈ ಕೊಡವಿಕೊಂಡರು. ಹಿಂದೆ ನಿಂತಿದ್ದ ಒಬ್ಬ ಅಜ್ಜಿ ಮುಂದೆ ಬಂದು, ಪುಡಿ ತಗೊಂಡು, ಹೆಂಗಸರು ಸೌದೆ ತರುವ ಕಾಲುದಾರಿ ಎಳೆದರು. ಗಿಡ ನೆಡಲು ಗುರುತಿಸಿದ್ದ ಜಾಗದ ನಡುವೆಯೇ ಅದು ಹಾದುಹೋಗಿತ್ತು. ಅವರು ಬರದೇ ಇದ್ದಿದ್ದರೆ ಬೇಲಿ ಆ ದಾರಿಯ ಮೇಲೇ ಬೀಳುತ್ತಿತ್ತು.

ಈಗ ನಾನು ಎಡವಿದ ಜಾಗ. ಕಾಡಲ್ಲಿ ಬದುಕುವವರ ಹಕ್ಕನ್ನು ಒಪ್ಪುವ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೂ ಜನ ಯೋಜನೆ ಮಾಡುತ್ತಾರೆ. ಹಾಗಾದರೆ ಎರಡೂ ಒಂದೇ ಅಂದುಕೊಂಡೆ. ಅಲ್ಲ. ಯೋಜನೆ ಬರೆದವರು ಯಾರು ಅಂತ ಕೇಳಬೇಡಿ, ತಿದ್ದುವ ಪೆನ್ನು ಯಾರ ಕೈಯಲ್ಲಿದೆ ಅಂತ ಕೇಳಿ. ಜಂಟಿ ಪದ್ಧತಿಯಲ್ಲಿ ಮೈಕ್ರೋಪ್ಲಾನ್‌ಗೆ ಇಲಾಖೆಯ ಒಪ್ಪಿಗೆ ಬೇಕು. ಅದು ಇಲಾಖೆಯ ವರ್ಕಿಂಗ್ ಪ್ಲಾನ್‌ಗೆ, ಅಂದರೆ ಇಡೀ ವಿಭಾಗದ ಕಾಡಿನ ದೊಡ್ಡ ಯೋಜನೆಗೆ ಹೊಂದಬೇಕು. ಪೆನ್ನು ಇಲಾಖೆಯ ಕೈಯಲ್ಲಿ. ಹಕ್ಕು ಕಾಯ್ದೆಯಲ್ಲಿ ಹಾಗಲ್ಲ. ಗ್ರಾಮ ಸಭೆ ನೇಮಿಸಿದ ಸಮಿತಿ ಸಮುದಾಯದ ಕಾಡಿಗೆ ಸಂರಕ್ಷಣಾ ಯೋಜನೆ ಬರೆಯುತ್ತದೆ. ಇಲಾಖೆಯ ಯೋಜನೆಯ ಜೊತೆ ಅದನ್ನು ಸೇರಿಸುವಾಗ, ಸಮಿತಿಗೆ ಅಗತ್ಯ ಅನಿಸಿದ ಬದಲಾವಣೆ ಮಾಡಿ ಸೇರಿಸಬೇಕು ಅನ್ನುತ್ತದೆ 2012ರಲ್ಲಿ ತಿದ್ದಿದ ನಿಯಮ. ‘ಸಮಿತಿಗೆ ಅನಿಸಿದ’. ಇಲಾಖೆಗೆ ಅನಿಸಿದ ಅಲ್ಲ. ಈ ಒಂದು ಪದವನ್ನು ನಾನು ಮೂರು ಸಲ ಓದಿದ ಮೇಲೆ ಗಮನಿಸಿದೆ.

ಅರಣ್ಯ ಹಕ್ಕು ಸಮಿತಿಗೆ ಈ ಕೆಲಸ ಇಲ್ಲ. ಅದು ಹಕ್ಕಿನ ಅರ್ಜಿ ಪರಿಶೀಲಿಸುತ್ತದೆ, ಅಷ್ಟೇ.

ಪೆನ್ನು ಯಾಕೆ ಮುಖ್ಯ ಅಂತ ಬಿಳಿಗಿರಿರಂಗನ ಬೆಟ್ಟ ನೋಡಿದರೆ ಗೊತ್ತಾಗುತ್ತದೆ. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗ ಬುಡಕಟ್ಟಿನವರ ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಸೋಲಿಗರ ಹಿರಿಯರು ಹಿಂದೆ ಬೇಸಿಗೆಯ ಮೊದಲಲ್ಲೇ ‘ತರಗು ಬೆಂಕಿ’ ಹಾಕುತ್ತಿದ್ದರು. ಅಂದರೆ ಉದುರಿದ ಎಲೆ ಮಾತ್ರ ಸುಡುವ ಸಣ್ಣ ಬೆಂಕಿ. ಹುಲಿ ಪ್ರದೇಶ ಆಗುವುದಕ್ಕೂ ಎಷ್ಟೋ ಮೊದಲೇ ಬೆಟ್ಟ ಅಭಯಾರಣ್ಯ ಆಗಿತ್ತು, ಆಮೇಲೆ ಆ ಬೆಂಕಿ ನಿಂತಿತು. ಅದು ನಿಂತಿದ್ದಕ್ಕೇ ಲಂಟಾನ ಅನ್ನುವ ಕಳೆಪೊದೆ ಹಬ್ಬಿತು, ನೆಲ್ಲಿ ಮರಗಳಿಗೆ ಅವುಗಳ ಮೇಲೇ ಬೆಳೆದು ಸತ್ವ ಹೀರುವ ಬಂದಳಕ ಜಾಸ್ತಿಯಾಯಿತು ಅನ್ನುತ್ತಾರೆ ಸೋಲಿಗರು. ಬೆಂಕಿ ಅಂದರೆ ಅಪರಾಧ ಅಂತಲೇ ನೋಡುವ ಯೋಜನೆಯಲ್ಲಿ ಈ ಮಾತಿಗೆ ಜಾಗ ಸಿಗುವುದು ಕಷ್ಟ. ಪೋಡಿನವರೇ ಬರೆದರೆ ಕನಿಷ್ಠ ಚರ್ಚೆಗಾದರೂ ಬರುತ್ತದೆ. ಅದು ಬರಲೇಬೇಕು ಅಂತ ನನ್ನ ಬಲವಾದ ಅಭಿಪ್ರಾಯ.

ಕೊನೆಗೆ ಕೋರಂ ಲೆಕ್ಕ, ಅಂದರೆ ಸಭೆ ನಡೆಯಲು ಕನಿಷ್ಠ ಎಷ್ಟು ಜನ ಬೇಕು ಅನ್ನುವುದು. ಹಕ್ಕು ಕಾಯ್ದೆಯಲ್ಲಿ ಗ್ರಾಮ ಸಭೆ ಅಂದರೆ ಒಂದು ಊರಿನ ಅಥವಾ ಪೋಡಿನ ವಯಸ್ಕರೆಲ್ಲರ ಸಭೆ. ಇಡೀ ಪಂಚಾಯಿತಿಯದ್ದಲ್ಲ. ಅರ್ಧ ಜನ ಬರಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. 120 ವಯಸ್ಕರಿದ್ದರೆ 60 ಜನ ಬೇಕು, ಆ 60ರಲ್ಲಿ ಹೆಂಗಸರು 20. ಒಟ್ಟು 120ರ ಮೂರನೇ ಒಂದು ಅಂತ 40 ಬರೆಯಬೇಡಿ. ನಾನು ಬರೆದು ಒಂದು ಅಂಕ ಕಳೆದುಕೊಂಡೆ.