ಟ್ರಾನ್ಸಾಕ್ಟೆಡ್ ಸೆಷನ್ ಅಂದರೇನು?

ಜಾವಾದಲ್ಲಿ ಸರ್ವರ್ ಕಡೆ ಕೆಲಸ ಮಾಡುವವರಿಗೆ ಜೆಎಂಎಸ್, ಅಂದರೆ ಪ್ರೋಗ್ರಾಂಗಳು ಒಂದಕ್ಕೊಂದು ಮೆಸೇಜ್ ಕಳಿಸುವ ವ್ಯವಸ್ಥೆ, ಗೊತ್ತಿರುತ್ತದೆ. ಈಗ ಅದರ ಹೆಸರು ಜಕಾರ್ತಾ ಮೆಸೇಜಿಂಗ್. ಒಂದು ಪ್ರೋಗ್ರಾಂ ಬ್ರೋಕರ್‌ನ (ನಡುವೆ ನಿಂತು ಮೆಸೇಜ್ ತಲುಪಿಸುವ ಸರ್ವರ್‌ನ) ಕ್ಯೂಗೆ ಮೆಸೇಜ್ ಹಾಕುತ್ತದೆ, ಇನ್ನೊಂದು ಎತ್ತಿಕೊಳ್ಳುತ್ತದೆ. ಎರಡೂ ನಡೆಯುವುದು ಸೆಷನ್ ಮೂಲಕ. ಸೆಷನ್ ತೆರೆಯುವಾಗಲೇ ಅದು ಟ್ರಾನ್ಸಾಕ್ಟೆಡ್ ಎಂದು ಹೇಳಿಬಿಟ್ಟರೆ, ಅದರೊಳಗಿನ ಕೆಲಸಗಳೆಲ್ಲ ಒಂದೇ ಕಟ್ಟು, ಅಂದರೆ ಒಂದು ಟ್ರಾನ್ಸಾಕ್ಷನ್. ಆಗುವುದಾದರೆ ಎಲ್ಲವೂ ಆಗಬೇಕು, ಇಲ್ಲದಿದ್ದರೆ ಯಾವುದೂ ಆಗಬಾರದು.

ಕ್ಯೂನಿಂದ ಒಂದು ಆರ್ಡರ್ ತೆಗೆದು, ಗೋದಾಮಿಗೊಂದು, ಬಿಲ್ಲಿಂಗ್‌ಗೊಂದು ಮೆಸೇಜ್ ಕಳಿಸಬೇಕು ಅಂದುಕೊಳ್ಳಿ. ಕಮಿಟ್ ಆಗುವ, ಅಂದರೆ ಎಲ್ಲವನ್ನೂ ಖಾಯಂ ಮಾಡುವ ತನಕ ಆ ಎರಡೂ ಮೆಸೇಜ್ ಯಾರ ಕೈಗೂ ಸಿಗುವುದಿಲ್ಲ. ಆರ್ಡರ್ ಮುಟ್ಟಿತು ಅಂತಲೂ ಬ್ರೋಕರ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಡುವೆ ಎಡವಟ್ಟಾಗಿ ರೋಲ್‌ಬ್ಯಾಕ್ ಮಾಡಿದರೆ, ಅಂದರೆ ಎಲ್ಲವನ್ನೂ ಹಿಂದಕ್ಕೆ ತಿರುಗಿಸಿದರೆ, ಕಳಿಸಿದ್ದೆಲ್ಲ ರದ್ದು, ಆರ್ಡರ್ ಮತ್ತೆ ಬರುತ್ತದೆ. ಮರಳಿ ಬಂದದ್ದು ಎಂಬ ಗುರುತು ಅದರ ಹೆಡರ್‌ನಲ್ಲೇ ಇರುತ್ತದೆ. ಟ್ರಾನ್ಸಾಕ್ಷನ್ ಶುರು ಮಾಡಲು ಬೇರೆ ಮೆಥಡ್ ಬೇಕಿಲ್ಲ. ಒಂದು ಕಮಿಟ್ ಮುಗಿದ ಕೂಡಲೇ ಮುಂದಿನ ಟ್ರಾನ್ಸಾಕ್ಷನ್ ತಾನಾಗೇ ಶುರುವಾಗುತ್ತದೆ.

ಜನ ಸಿಕ್ಕಿಬೀಳುವುದು ಪ್ರಶ್ನೆ ಕಳಿಸಿ ಉತ್ತರಕ್ಕೆ ಕಾಯುವ ಕೋಡ್‌ನಲ್ಲಿ. ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇಟ್ಟರೆ ಪ್ರೋಗ್ರಾಂ ಸುಮ್ನೆ ನಿಂತುಬಿಡುತ್ತದೆ. ಕಮಿಟ್ ಆಗದೆ ಪ್ರಶ್ನೆ ಹೊರಗೆ ಹೋಗಿಯೇ ಇಲ್ಲ, ಇನ್ನು ಉತ್ತರ ಎಲ್ಲಿಂದ ಬರಬೇಕು, ಅಲ್ವಾ? ಹಾಗಾಗಿ ಕಳಿಸಿ, ಕಮಿಟ್ ಮಾಡಿ, ಆಮೇಲೆ ಕಾಯಬೇಕು.

ಮತ್ತೆ ಮತ್ತೆ ರೋಲ್‌ಬ್ಯಾಕ್ ಆಗುವ ಕೆಟ್ಟ ಮೆಸೇಜ್‌ಗೂ ದಾರಿಯಿದೆ. ಆಕ್ಟಿವ್‌ಎಂಕ್ಯೂ ಕ್ಲಾಸಿಕ್ ಎಂಬ ಬ್ರೋಕರ್ ತನ್ನ ಡೀಫಾಲ್ಟ್‌ನಂತೆ 6 ಸಲ ಮರಳಿ ಕೊಟ್ಟು ನೋಡಿ, ನಂತರ ಅದನ್ನು ಡೆಡ್ ಲೆಟರ್ ಕ್ಯೂಗೆ, ಅಂದರೆ ತಲುಪಿಸಲಾಗದ ಮೆಸೇಜ್‌ಗಳ ಕ್ಯೂಗೆ ಸರಿಸುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಬೇರೆ. ಈ ಸೆಷನ್ ಭರವಸೆ ಕೊಡುವುದು ತನ್ನ ಮತ್ತು ಬ್ರೋಕರ್ ನಡುವಿನ ವ್ಯವಹಾರಕ್ಕೆ ಮಾತ್ರ. ಡೇಟಾಬೇಸ್ ಅದಕ್ಕೆ ಸೇರಿಲ್ಲ. ಎರಡನ್ನೂ ಒಟ್ಟಿಗೆ ಕಟ್ಟಬೇಕಾದರೆ ಎಕ್ಸ್‌ಎ ಎಂಬ ಜಂಟಿ ಟ್ರಾನ್ಸಾಕ್ಷನ್ ವಿಧಾನ ಬೇಕು. ಅದು ಮೊದಲು ಇಬ್ಬರನ್ನೂ ತಯಾರಿದ್ದೀರಾ ಎಂದು ಕೇಳಿ, ಆಮೇಲೆ ಕಮಿಟ್ ಮಾಡಿಸುತ್ತದೆ. ಆ್ಯಪ್ಲಿಕೇಶನ್ ಸರ್ವರ್‌ನಲ್ಲಿ ಈ ಉಸ್ತುವಾರಿಯನ್ನು ಕಂಟೇನರ್ (ನಮ್ಮ ಕೋಡ್ ನಡೆಸುವ ಸರ್ವರ್‌ನ ಭಾಗ) ಜೆಟಿಎ ಎಂಬ ಜಾವಾ ಟ್ರಾನ್ಸಾಕ್ಷನ್ ಎಪಿಐ ಮೂಲಕ ನೋಡಿಕೊಳ್ಳುತ್ತದೆ. ಅಲ್ಲಿ ಸೆಷನ್ ಮೇಲೆ ನಾವೇ ಕಮಿಟ್ ಕರೆಯುವಂತಿಲ್ಲ.

ಎಕ್ಸ್‌ಎ ಬೇಡ ಅಂದರೆ ಡೇಟಾಬೇಸ್ ಮೊದಲು, ಸೆಷನ್ ಆಮೇಲೆ ಕಮಿಟ್ ಮಾಡಿ. ಈ ಎರಡರ ನಡುವೆ ಸರ್ವರ್ ಬಿದ್ದರೆ ಅದೇ ಆರ್ಡರ್ ಇನ್ನೊಮ್ಮೆ ಬರುತ್ತದೆ. ಅದಕ್ಕೇ ಆರ್ಡರ್ ನಂಬರಿಗೆ ಟೇಬಲ್‌ನಲ್ಲಿ ಯುನೀಕ್ ಕೀ (ಒಂದೇ ನಂಬರ್ ಎರಡು ಸಲ ಸೇರದಂತೆ ತಡೆಯುವ ನಿಯಮ) ಹಾಕಿಡಬೇಕು. ಎರಡನೇ ಸಲ ಬಂದ ಆರ್ಡರ್ ಅಲ್ಲೇ ಸಿಕ್ಕಿಬೀಳುತ್ತದೆ.