ನೆಪಿಯನ್: ಗೆರೆ ಸರಿದಂತೆ ಮತವೂ ಸರಿದ ಕ್ಷೇತ್ರ

2022ರ ಮೇ ತಿಂಗಳಲ್ಲಿ ಕೆನಡಾ ಸಂಸತ್ತಿನ ಕೆಳಮನೆಯಲ್ಲಿ ಸಂಸದ ಚಂದ್ರ ಆರ್ಯ ಎದ್ದು ನಿಂತು ಕನ್ನಡದಲ್ಲಿ ಮಾತನಾಡಿದರು. ಸದಸ್ಯರು ತಮಗೆ ಮುಖ್ಯವೆನಿಸಿದ ವಿಷಯವನ್ನು ಸದನದ ಮುಂದಿಡಲು ಅಲ್ಲಿ ಸಿಗುವುದು ಕೇವಲ ಒಂದು ನಿಮಿಷ. ಆ ಒಂದು ನಿಮಿಷದ ವಿಡಿಯೊ ಕರ್ನಾಟಕದಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು, ಅವರ ಹುಟ್ಟೂರಾದ ಶಿರಾ ತಾಲ್ಲೂಕಿನ ದ್ವಾರಾಳು ಗ್ರಾಮದ ಹೆಸರು ಎಲ್ಲರ ಬಾಯಲ್ಲೂ ಬಂತು. ಆದರೆ ಅವರನ್ನು ಆರಿಸಿ ಕಳುಹಿಸಿದ ಕ್ಷೇತ್ರ ಯಾವುದು, ಅಲ್ಲಿಯ ಜನ ಯಾರು, ಅವರು ಹಿಂದೆ ಯಾರಿಗೆ ಮತ ಹಾಕುತ್ತಿದ್ದರು ಎಂಬ ಪ್ರಶ್ನೆಗಳನ್ನು ನಮ್ಮಲ್ಲಿ ಹೆಚ್ಚು ಜನ ಕೇಳಲಿಲ್ಲ. ಆ ಕ್ಷೇತ್ರದ ಹೆಸರು ನೆಪಿಯನ್. ಆ ಭಾಷಣವಾಗಿ ಮೂರು ವರ್ಷ ತುಂಬುವ ಮೊದಲೇ ಅದು ಪ್ರಧಾನಿಯೊಬ್ಬರನ್ನು ಸಂಸತ್ತಿಗೆ ಕಳುಹಿಸಿತು. ಅದರ ಚುನಾವಣಾ ಇತಿಹಾಸವನ್ನು ಗೆದ್ದವರ ಪಟ್ಟಿಯಾಗಿ ಓದಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ. ಕ್ಷೇತ್ರದ ಗಡಿರೇಖೆ ಎಷ್ಟು ಸಲ ಸರಿದಿದೆ, ಸರಿದಾಗಲೆಲ್ಲ ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು ಎಂಬುದನ್ನೂ ಜೊತೆಗಿಟ್ಟು ನೋಡಬೇಕು.

ನೆಪಿಯನ್ ಎಂಬುದು ಕೆನಡಾದ ರಾಜಧಾನಿ ಒಟ್ಟಾವ ನಗರದ ಪಶ್ಚಿಮ ಮತ್ತು ನೈರುತ್ಯ ಭಾಗದ ಉಪನಗರ ಪ್ರದೇಶ. ಹೆಸರು ಬಂದದ್ದು ಬ್ರಿಟಿಷ್ ಸರ್ಕಾರದ ಅಧಿಕಾರಿಯಾಗಿದ್ದ ಇವಾನ್ ನೆಪಿಯನ್ ಅವರಿಂದ. ಇದೇ ವ್ಯಕ್ತಿ 1812ರಿಂದ 1819ರವರೆಗೆ ಬಾಂಬೆಯ ಗವರ್ನರ್ ಆಗಿದ್ದರು, ಮುಂಬೈಯ ನೆಪಿಯನ್ ಸೀ ರಸ್ತೆಗೂ ಅವರದೇ ಹೆಸರಿದೆ. ಪೇಶ್ವೆಯರ ಆಳ್ವಿಕೆ ಕೊನೆಗೊಂಡು ಧಾರವಾಡ, ಬೆಳಗಾವಿ ಸೀಮೆಗಳು ಕಂಪನಿಯ ಕೈಗೆ ಹೋದದ್ದು ಅವರ ಅಧಿಕಾರಾವಧಿಯಲ್ಲಿಯೇ.

1850ರಿಂದ ಸ್ವತಂತ್ರ ಸ್ಥಳೀಯಾಡಳಿತವಾಗಿದ್ದ ನೆಪಿಯನ್ 1978ರಲ್ಲಿ ನಗರವಾಯಿತು, 2001ರ ಜನವರಿ 1ರಂದು ಒಟ್ಟಾವದಲ್ಲಿ ವಿಲೀನಗೊಂಡಿತು. ಆಡಳಿತದ ಲೆಕ್ಕದಲ್ಲಿ ಈಗ ಅಂಥ ನಗರವಿಲ್ಲ, ಹೆಸರು ಉಳಿದಿರುವುದು ಜನರ ಮಾತಿನಲ್ಲಿ ಮತ್ತು ಮತಪಟ್ಟಿಯಲ್ಲಿ. ಈ ಪ್ರದೇಶದ ಬೆಳವಣಿಗೆಗೆ ವಿಶಿಷ್ಟ ರೂಪ ಕೊಟ್ಟದ್ದು ಒಟ್ಟಾವ ಸುತ್ತಲಿನ ಹಸಿರು ಪಟ್ಟಿ. ಫ್ರೆಂಚ್ ಯೋಜಕ ಜಾಕ್ ಗ್ರೆಬೆ ಅವರು 1950ರಲ್ಲಿ ಕೊಟ್ಟ ಯೋಜನೆಯಂತೆ ಕೇಂದ್ರ ಸರ್ಕಾರ ನಗರದ ಸುತ್ತ ಸುಮಾರು 20,000 ಹೆಕ್ಟೇರ್ ಭೂಮಿಯನ್ನು ಕಾಯ್ದಿಟ್ಟಿತು. ನಗರ ಬೆಳೆಯುತ್ತ ಆ ಪಟ್ಟಿಯನ್ನು ದಾಟಿ ಆಚೆ ಹಾರಿತು. ಹಾಗೆ ಹಾರಿ ಬಿದ್ದ ಜಾಗಗಳಲ್ಲಿ ಬ್ಯಾರ್‌ಹೇವನ್ ಒಂದು. 1960ರ ದಶಕದಲ್ಲಿ ಮೆಲ್ ಬಾರ್ ಎಂಬವರು ಕುದುರೆ ರೇಸಿನ ಮೈದಾನ ಮಾಡಬೇಕೆಂದು ಅಲ್ಲಿ 200 ಎಕರೆಯ ಹೊಲ ಕೊಂಡಿದ್ದರು. ಅಷ್ಟರಲ್ಲಿ ಇನ್ನೊಂದು ಕಡೆ ರೇಸ್ ಮೈದಾನ ತೆರೆದದ್ದರಿಂದ ಹೊಲವನ್ನು ಮನೆ ನಿವೇಶನಗಳಾಗಿಸಿದರು. ಅಂದು ಹೊಲವಾಗಿದ್ದ ಜಾಗವೇ ಇಂದು ನೆಪಿಯನ್ ಕ್ಷೇತ್ರದ ಅತಿದೊಡ್ಡ ಜನವಸತಿ. ಸರ್ಕಾರಿ ಕಚೇರಿಗಳಿಗೆ ಮತ್ತು ತಂತ್ರಜ್ಞಾನ ಕಂಪನಿಗಳಿಗೆ ಹೋಗುವ ಕುಟುಂಬಗಳು, ದಕ್ಷಿಣ ಏಷ್ಯಾ, ಚೀನಾ, ಅರಬ್ ದೇಶಗಳಿಂದ ಬಂದು ನೆಲೆಸಿದವರು ಅಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ.

ಕೆನಡಾದಲ್ಲಿ ಕ್ಷೇತ್ರವನ್ನು ಆಡುಮಾತಿನಲ್ಲಿ ರೈಡಿಂಗ್ ಎನ್ನುತ್ತಾರೆ. ಪದ್ಧತಿ ನಮ್ಮ ಲೋಕಸಭೆಯದೇ: ಅತಿ ಹೆಚ್ಚು ಮತ ಪಡೆದವರು, ಅರ್ಧಕ್ಕಿಂತ ಕಡಿಮೆ ಮತ ಬಂದಿದ್ದರೂ, ಗೆಲ್ಲುತ್ತಾರೆ. ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿಯ ನಂತರ ಪ್ರತಿ ಪ್ರಾಂತ್ಯದಲ್ಲಿ ಮೂವರು ಸದಸ್ಯರ ಸ್ವತಂತ್ರ ಆಯೋಗ ಕ್ಷೇತ್ರಗಳ ಗಡಿಯನ್ನು ಮರುರೂಪಿಸುತ್ತದೆ. ವೇಗವಾಗಿ ಬೆಳೆಯುವ ಉಪನಗರಗಳ ಮಟ್ಟಿಗೆ ಇದರ ಪರಿಣಾಮ ದೊಡ್ಡದು. ಪ್ರತಿ ಸಲವೂ ಜನ ಹೆಚ್ಚಾಗಿರುತ್ತಾರೆ, ಪ್ರತಿ ಸಲವೂ ಕ್ಷೇತ್ರ ಒಡೆಯುತ್ತದೆ.

1979ರ ಚುನಾವಣೆಯಲ್ಲಿ ಈ ಭಾಗ ನೆಪಿಯನ್–ಕಾರ್ಲ್ಟನ್ ಎಂಬ ಕ್ಷೇತ್ರದಲ್ಲಿತ್ತು. ಪ್ರೊಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ವಾಲ್ಟರ್ ಬೇಕರ್ ಗೆದ್ದು, ಜೋ ಕ್ಲಾರ್ಕ್ ಅವರ ಅಲ್ಪಾಯುಷಿ ಸರ್ಕಾರದಲ್ಲಿ ಸಚಿವರಾದರು. ಬ್ಯಾರ್‌ಹೇವನ್‌ನಲ್ಲಿ ಅವರ ಹೆಸರಿನ ಕ್ರೀಡಾ ಕೇಂದ್ರ ಈಗಲೂ ಇದೆ. 1983ರಲ್ಲಿ ಬೇಕರ್ ತೀರಿಕೊಂಡರು, ಮರುವರ್ಷ ಅದೇ ಪಕ್ಷದ ಬಿಲ್ ಟಪ್ಪರ್ ಆ ಸ್ಥಾನ ಉಳಿಸಿಕೊಂಡರು. 1988ರ ಹೊತ್ತಿಗೆ ಗಡಿ ಬದಲಾಗಿ ‘ನೆಪಿಯನ್’ ಎಂಬ ಹೆಸರಿನದೇ ಕ್ಷೇತ್ರ ಮೊದಲ ಬಾರಿಗೆ ಚುನಾವಣೆ ಕಂಡಿತು. ಅಮೆರಿಕದೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದವೇ ಮುಖ್ಯ ವಿಷಯವಾಗಿದ್ದ ಆ ಚುನಾವಣೆಯಲ್ಲಿ ದೇಶ ಬ್ರಯಾನ್ ಮಲ್ರೋನಿ ಅವರ ಕನ್ಸರ್ವೇಟಿವ್ ಸರ್ಕಾರಕ್ಕೆ ಮತ್ತೆ ಬಹುಮತ ಕೊಟ್ಟಿತು. ನೆಪಿಯನ್ ಮಾತ್ರ ಹಾಲಿ ಸಂಸದ ಟಪ್ಪರ್ ಅವರನ್ನು ಸೋಲಿಸಿ, ಸ್ಥಳೀಯ ನಗರಸಭೆಯಲ್ಲಿ ಹತ್ತು ವರ್ಷ ದುಡಿದಿದ್ದ ಲಿಬರಲ್ ಪಕ್ಷದ ಬೆರಿಲ್ ಗ್ಯಾಫ್ನಿ ಅವರನ್ನು ಆರಿಸಿತು.

1993ರಲ್ಲೂ ಗ್ಯಾಫ್ನಿ ಗೆದ್ದರು. 1997ರಲ್ಲಿ ನೆಪಿಯನ್ ಕ್ಷೇತ್ರ ಇಲ್ಲವಾಗಿ, ಉತ್ತರದ ಭಾಗ ಒಟ್ಟಾವ ವೆಸ್ಟ್–ನೆಪಿಯನ್‌ಗೂ ದಕ್ಷಿಣದ ಭಾಗ ಸುತ್ತಲಿನ ಹಳ್ಳಿಗಳೊಂದಿಗೆ ಮರುಹುಟ್ಟು ಪಡೆದ ನೆಪಿಯನ್–ಕಾರ್ಲ್ಟನ್‌ಗೂ ಸೇರಿದವು. ಅಲ್ಲಿ ಮತ್ತೊಬ್ಬ ಸ್ಥಳೀಯ ಕೌನ್ಸಿಲರ್, ಲಿಬರಲ್ ಪಕ್ಷದ ಡೇವಿಡ್ ಪ್ರ್ಯಾಟ್, 1997 ಮತ್ತು 2000ದಲ್ಲಿ ಆಯ್ಕೆಯಾದರು. ಈ ಮೂರೂ ಚುನಾವಣೆಗಳನ್ನು ನೋಡಿ ಇದು ಲಿಬರಲ್ ಕೋಟೆ ಎಂದು ತೀರ್ಮಾನಿಸಿದ್ದವರು ತಪ್ಪಿದ್ದರು. ಆಗ ಬಲಪಂಥದ ಮತಗಳು ಹಳೆಯ ಕನ್ಸರ್ವೇಟಿವರು ಮತ್ತು ಹೊಸ ರಿಫಾರ್ಮ್ ಪಕ್ಷದ ನಡುವೆ ಒಡೆದಿದ್ದವು. 1993ರಲ್ಲಿ ಒಂಟಾರಿಯೊದ 99 ಸ್ಥಾನಗಳಲ್ಲಿ 98 ಲಿಬರಲ್ ಪಾಲಾದದ್ದು ಮುಖ್ಯವಾಗಿ ಈ ಒಡಕಿನಿಂದ.

2003ರ ಡಿಸೆಂಬರ್‌ನಲ್ಲಿ ಎರಡೂ ಬಣಗಳು ಒಂದಾಗಿ ಇಂದಿನ ಕನ್ಸರ್ವೇಟಿವ್ ಪಕ್ಷ ಹುಟ್ಟಿತು. ಆರು ತಿಂಗಳ ಬಳಿಕ ನೆಪಿಯನ್–ಕಾರ್ಲ್ಟನ್ ಉತ್ತರ ಕೊಟ್ಟಿತು: ಆಗ ರಕ್ಷಣಾ ಸಚಿವರಾಗಿದ್ದ ಪ್ರ್ಯಾಟ್ ಅವರನ್ನು ಈ ಹೊಸ ಪಕ್ಷದ, ಕ್ಯಾಲ್ಗರಿಯಿಂದ ಬಂದಿದ್ದ 25 ವರ್ಷದ ಪಿಯರ್ ಪೊಲಿಯೇವ್ ಸೋಲಿಸಿದರು. ನಂತರದ 2006, 2008 ಮತ್ತು 2011ರಲ್ಲಿ ಪೊಲಿಯೇವ್ ಅರ್ಧಕ್ಕಿಂತ ಹೆಚ್ಚು ಮತ ಪಡೆದು ಗೆದ್ದರು. ಲಿಬರಲ್ ಕೋಟೆ ಎನಿಸಿಕೊಂಡಿದ್ದದ್ದು ಹತ್ತು ವರ್ಷದೊಳಗೆ ಕನ್ಸರ್ವೇಟಿವ್ ಕೋಟೆ ಎನಿಸಿಕೊಂಡಿತು. ಈ ಮಾತೂ ಪೂರ್ತಿ ನಿಜವಾಗಿರಲಿಲ್ಲ.

ಕೆಳಮನೆಯ ಸ್ಥಾನಗಳು 308ರಿಂದ 338ಕ್ಕೆ ಏರಿದಾಗ, 2015ರ ಚುನಾವಣೆಗೆ ನೆಪಿಯನ್–ಕಾರ್ಲ್ಟನ್ ಮತ್ತೆ ಎರಡಾಯಿತು. ಬ್ಯಾರ್‌ಹೇವನ್ ಮತ್ತು ಬೆಲ್ಸ್ ಕಾರ್ನರ್ಸ್‌ನಂಥ ಉಪನಗರದ ಭಾಗಗಳು ಸೇರಿ ‘ನೆಪಿಯನ್’ ಮರಳಿತು. 2011ರ ಜನಗಣತಿಯ ಪ್ರಕಾರ ಅದರ ಜನಸಂಖ್ಯೆ ಸುಮಾರು 1.05 ಲಕ್ಷ. ಮ್ಯಾನೊಟಿಕ್, ರಿಚ್ಮಂಡ್, ಓಸ್ಗುಡ್‌ನಂಥ ಹಳ್ಳಿಗಾಡಿನ ಭಾಗ ಕಾರ್ಲ್ಟನ್ ಕ್ಷೇತ್ರವಾಯಿತು. ಪೊಲಿಯೇವ್ ಕಾರ್ಲ್ಟನ್ ಆರಿಸಿಕೊಂಡರು. ಅದು ವಿವೇಕದ ಆಯ್ಕೆಯಾಗಿತ್ತೆಂದು ಫಲಿತಾಂಶ ತೋರಿಸಿತು: ಅವರು ಅಲ್ಲಿ ಗೆದ್ದರು, ನೆಪಿಯನ್‌ನಲ್ಲಿ ಲಿಬರಲ್ ಪಕ್ಷದ ಚಂದ್ರ ಆರ್ಯ ಶೇ. 52ರಷ್ಟು ಮತ ಪಡೆದರು. ಹಳ್ಳಿಯ ಮತಗಳು ಬೇರ್ಪಟ್ಟದ್ದು ಒಂದು ಕಾರಣವಾದರೆ, ಇನ್ನೊಂದು ಕಾರಣ ಸರ್ಕಾರಿ ನೌಕರರ ಅಸಮಾಧಾನ. ಸ್ಟೀಫನ್ ಹಾರ್ಪರ್ ಅವರ ಕನ್ಸರ್ವೇಟಿವ್ ಸರ್ಕಾರ 2012ರ ಬಜೆಟ್‌ನಲ್ಲಿ 19,200 ಸರ್ಕಾರಿ ಹುದ್ದೆಗಳನ್ನು ಕಡಿತಗೊಳಿಸುವುದಾಗಿ ಪ್ರಕಟಿಸಿತ್ತು. ದೇಶದ ಬೇರೆಡೆ ಅದು ಪತ್ರಿಕೆಯ ಸುದ್ದಿ, ಒಟ್ಟಾವದ ಉಪನಗರದಲ್ಲಿ ಅದು ಮನೆಮನೆಯ ಸಂಬಳದ ಪ್ರಶ್ನೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂಬಿಎ ಓದಿ 2006ರಲ್ಲಿ ಕೆನಡಾಕ್ಕೆ ಹೋಗಿದ್ದ ಆರ್ಯ 2019 ಮತ್ತು 2021ರಲ್ಲೂ ಗೆದ್ದರು. ಎರಡೂ ಸಲ ಅವರಿಗೆ ಬಂದದ್ದು ಶೇ. 45ರ ಆಸುಪಾಸಿನ ಮತ, ಕನ್ಸರ್ವೇಟಿವ್ ಅಭ್ಯರ್ಥಿಗಳಿಗೆ ಶೇ. 33ರ ಆಸುಪಾಸು. ಉಳಿದ ಮತಗಳಲ್ಲಿ ಹೆಚ್ಚಿನವು ನ್ಯೂ ಡೆಮಾಕ್ರಟಿಕ್ ಪಕ್ಷಕ್ಕೆ ಹೋಗಿದ್ದವು. ಇದೇ ಮತದಾರರು ಪ್ರಾಂತೀಯ ಚುನಾವಣೆಗಳಲ್ಲಿ ಬೇರೆ ದಾರಿ ಹಿಡಿದಿದ್ದರು ಎಂಬುದನ್ನು ಇಲ್ಲಿ ಹೇಳಲೇಬೇಕು. ಒಂಟಾರಿಯೊ ವಿಧಾನಸಭೆಯ ನೆಪಿಯನ್ ಕ್ಷೇತ್ರಕ್ಕೂ 2018ರಲ್ಲಿ ಅದೇ ಗಡಿ ಬಂದಿತ್ತು. ಅಲ್ಲಿ 2018 ಮತ್ತು 2022ರಲ್ಲಿ ಗೆದ್ದದ್ದು ಪ್ರೊಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ಲೀಸಾ ಮಕ್ಲೌಡ್. ಅವರು ಸ್ಪರ್ಧಿಸದ 2025ರ ಫೆಬ್ರವರಿಯ ಚುನಾವಣೆಯಲ್ಲಿ ಆ ಸ್ಥಾನವೂ ಲಿಬರಲ್ ಪಕ್ಷದ ಕೈಸೇರಿತು. ಒಂದೇ ಬೀದಿಯ ಜನ ಏಳು ವರ್ಷ ಎರಡು ಪಕ್ಷಗಳನ್ನು ಎರಡು ಕೆಲಸಗಳಿಗೆ ನೇಮಿಸಿಕೊಂಡಿದ್ದರು. ಕೋಟೆ ಎಂಬ ಪದ ಇಂಥ ಮತದಾರರಿಗೆ ಒಪ್ಪುವುದಿಲ್ಲ ಎಂದು ನನಗೆ ಅನಿಸುವುದು ಇದಕ್ಕಾಗಿಯೇ.

2025ರ ಜನವರಿಯಲ್ಲಿ ಆಗಿನ ಪ್ರಧಾನಿ ಜಸ್ಟಿನ್ ಟ್ರೂಡೊ ರಾಜೀನಾಮೆಯ ಘೋಷಣೆ ಮಾಡಿದಾಗ ಆರ್ಯ ಪಕ್ಷದ ನಾಯಕತ್ವಕ್ಕೆ ಸ್ಪರ್ಧಿಸುವುದಾಗಿ ಹೇಳಿದರು, ಪಕ್ಷ ಅವಕಾಶ ಕೊಡಲಿಲ್ಲ. ಮಾರ್ಚ್‌ನಲ್ಲಿ ನೆಪಿಯನ್‌ನ ಅವರ ಉಮೇದುವಾರಿಕೆಯನ್ನೂ ಪಕ್ಷ ರದ್ದುಪಡಿಸಿತು. ಭಾರತ ಸರ್ಕಾರದೊಂದಿಗಿನ ಅವರ ಸಂಪರ್ಕದ ಬಗೆಗಿನ ಆತಂಕವೇ ಕಾರಣವೆಂದು ಕೆನಡಾದ ಪತ್ರಿಕೆಗಳು ವರದಿ ಮಾಡಿದವು, ಆರ್ಯ ಅದನ್ನು ಅಲ್ಲಗಳೆದರು, ಪಕ್ಷ ತನ್ನ ನಿರ್ಧಾರದ ಹಿಂದಿನ ವಿವರಗಳನ್ನು ಸಾರ್ವಜನಿಕರ ಮುಂದಿಡಲಿಲ್ಲ. ಬೆನ್ನಲ್ಲೇ ಬಂದ ಪ್ರಕಟಣೆಯಂತೆ, ಸಂಸತ್ತಿನಲ್ಲಿ ಸ್ಥಾನವಿಲ್ಲದೆಯೇ ಮಾರ್ಚ್ 14ರಂದು ಪ್ರಧಾನಿಯಾಗಿದ್ದ ಮಾರ್ಕ್ ಕಾರ್ನಿ ಅಲ್ಲಿಂದ ನಿಂತರು. ಪಕ್ಷಕ್ಕೆ ಅಭ್ಯರ್ಥಿಯನ್ನು ಬದಲಿಸುವ ಅಧಿಕಾರ ಇದ್ದೇ ಇದೆ. ಆದರೆ ಮೂರು ಸಲ ತಾವೇ ಆರಿಸಿದ ಸಂಸದರನ್ನು ಏಕೆ ಕೈಬಿಡಲಾಯಿತು ಎಂಬುದನ್ನು ನೆಪಿಯನ್‌ನ ಮತದಾರರಿಗೆ ಬಿಡಿಸಿ ಹೇಳಬೇಕಿತ್ತು. ಅದು ಆರ್ಯ ಅವರಿಗೆ ಸಲ್ಲಬೇಕಾದ ಗೌರವ ಎಂಬುದಕ್ಕಿಂತ ಮತದಾರರ ಹಕ್ಕು.

ಏಪ್ರಿಲ್ 28ರ ಚುನಾವಣೆಯಲ್ಲಿ ಕಾರ್ನಿ ಶೇ. 60ಕ್ಕೂ ಹೆಚ್ಚು ಮತ ಪಡೆದರು. ಇದನ್ನು ಕನ್ಸರ್ವೇಟಿವ್ ಕುಸಿತವೆಂದು ಓದಬಾರದು. ಕನ್ಸರ್ವೇಟಿವ್ ಪಾಲು ಈ ಸಲವೂ ಸುಮಾರು ಮೂರನೇ ಒಂದು ಭಾಗದಲ್ಲೇ ನಿಂತಿತ್ತು, 2019 ಮತ್ತು 2021ರಲ್ಲೂ ಅದು ಇದ್ದದ್ದು ಅಲ್ಲೇ. ಕರಗಿದ್ದು ನ್ಯೂ ಡೆಮಾಕ್ರಟಿಕ್ ಪಕ್ಷದ ಮತ. ಅಮೆರಿಕದ ಸುಂಕ ಮತ್ತು ಡೊನಾಲ್ಡ್ ಟ್ರಂಪ್ ಅವರ ಮಾತುಗಳ ನೆರಳಿನಲ್ಲಿ ನಡೆದ ಆ ಚುನಾವಣೆಯಲ್ಲಿ ಸಣ್ಣ ಪಕ್ಷಗಳ ಬೆಂಬಲಿಗರು ದೇಶದ ಎಷ್ಟೋ ಕಡೆ ಲಿಬರಲ್ ಕಡೆಗೆ ಸರಿದಿದ್ದರು, ನೆಪಿಯನ್‌ನಲ್ಲಿ ಆದದ್ದೂ ಅದೇ.

ಅದೇ ರಾತ್ರಿ ಪಕ್ಕದ ಕಾರ್ಲ್ಟನ್‌ನಲ್ಲಿ ಎಣಿಕೆ ನಿಧಾನವಾಗಿ ಸಾಗಿತ್ತು. ಚುನಾವಣಾ ಪದ್ಧತಿಯ ವಿರುದ್ಧ ಪ್ರತಿಭಟಿಸಲು ಅಲ್ಲಿ ಡಜನುಗಟ್ಟಲೆ ಮಂದಿ ಉಮೇದುವಾರರಾಗಿ ನಿಂತಿದ್ದರಿಂದ ಒಟ್ಟು 91 ಹೆಸರುಗಳ, ಸುಮಾರು ಒಂದು ಮೀಟರ್ ಉದ್ದದ ಮತಪತ್ರವನ್ನು ಮತದಾರರು ಮಡಚಿ ಮಡಚಿ ಪೆಟ್ಟಿಗೆಗೆ ಹಾಕಿದ್ದರು. ಕೊನೆಗೆ ವಿರೋಧ ಪಕ್ಷದ ನಾಯಕರೇ ಆಗಿದ್ದ ಪೊಲಿಯೇವ್ ಲಿಬರಲ್ ಪಕ್ಷದ ಬ್ರೂಸ್ ಫ್ಯಾನ್‌ಜಾಯ್ ಅವರಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಹತ್ತು ವರ್ಷದ ಹಿಂದೆ ಒಂದೇ ಕ್ಷೇತ್ರವಾಗಿದ್ದ ನೆಲದ ಒಂದು ಹೋಳು ಪ್ರಧಾನಿಯನ್ನು ಗೆಲ್ಲಿಸಿತು, ಇನ್ನೊಂದು ಹೋಳು ಅವರ ಎದುರಾಳಿಯನ್ನು ಸೋಲಿಸಿತು. ಹಸಿರು ಪಟ್ಟಿಯನ್ನು ಹಾರಿದ ಮನೆಗಳು ಕಾರ್ಲ್ಟನ್‌ನ ಹೊಲಗಳನ್ನೂ ತಲುಪಿದ್ದವು. 2015ರಲ್ಲಿ ಹಳ್ಳಿಗಾಡೆಂದು ಬೇರ್ಪಡಿಸಿದ ಕ್ಷೇತ್ರದಲ್ಲಿ ಅಷ್ಟರಲ್ಲಿ ಉಪನಗರವೂ ಬೆಳೆದಿತ್ತು.

ಪೊಲಿಯೇವ್ ಆ ವರ್ಷದ ಆಗಸ್ಟ್‌ನಲ್ಲಿ ದೂರದ ಆಲ್ಬರ್ಟಾದ ಉಪಚುನಾವಣೆಯಲ್ಲಿ ಗೆದ್ದು ಸಂಸತ್ತಿಗೆ ಮರಳಿದರು. ಮುಂದಿನ ಮರುವಿಂಗಡಣೆ 2031ರ ಜನಗಣತಿಯ ನಂತರ ನಡೆಯಲಿದೆ. ಬ್ಯಾರ್‌ಹೇವನ್‌ನ ದಕ್ಷಿಣದ ಅಂಚಿನಲ್ಲಿ ಹೊಸ ಬಡಾವಣೆಗಳು ಏಳುತ್ತಲೇ ಇವೆ, ಆಯೋಗದ ಮುಂದೆ ನೆಪಿಯನ್‌ನ ನಕ್ಷೆ ಮತ್ತೆ ಬರುತ್ತದೆ.